ಬರೂಕಿಂತ ಮೊದಲ ಹೋದ ಲಾರಿ: ವರ್ಚುವಲ್ ಮಷೀನುಗಳ ಗಡಿಯಾರ ಕೂಡಿಸೂದು ಹೆಂಗ

ಗಂಗಾವತಿ ಕಡೆ ಒಂದು ರೈಸ್ ಮಿಲ್ಲಿನ ಸರ್ವರ್ ಕೆಲಸ ನಾನು ನೋಡ್ಕೊಂತೀನಿ. ಸುಗ್ಗಿ ಟೈಮಿನ್ಯಾಗ ಒಂದಿನ ಮಧ್ಯಾಹ್ನ ಲಾರಿ ತೂಗೋ ಕಾಟಾದ ಗುಮಾಸ್ತರು ಫೋನ್ ಮಾಡಿದ್ರು. "ತಮ್ಮಾ, ಇಲ್ಲೊಂದು ಲಾರಿ ಒಳಗ ಬರೂಕಿಂತ ಮೊದಲ ಹೊರಗ ಹೋಗೇತಿ ನೋಡಪಾ, ನಿನಗ ಚೀಟಿ ಫೋಟೊ ಕಳಿಸ್ತೀನಿ" ಅಂದ್ರು. ಚೀಟಿ ನೋಡಿದ್ರ ಒಳಗ ಬಂದದ್ದು 11:42, ಹೊರಗ ಹೋದದ್ದು 11:20. ಲಾರಿ ಖರೇವಂದ್ರೂ ಹೊರಬಿದ್ದದ್ದು ಹನ್ನೆರಡೂವರಿಗೆ.

ಬರೇ ಚೀಟಿ ಮ್ಯಾಲಿನ ಟೈಮ್ ತಪ್ಪಾಗಿದ್ರ ಪೆನ್ನಿಲೆ ತಿದ್ದಿ ಬಿಡಬಹುದಿತ್ತು. ಆದ್ರ ಭತ್ತ ತರೋ ಲಾರಿಗೆ ಮೊದಲ ಲೋಡ್ ತೂಕ, ಹಮಾಲರು ಚೀಲ ಇಳಿಸಿದ ಮ್ಯಾಲ ಖಾಲಿ ತೂಕ, ಅಕ್ಕಿ ಒಯ್ಯೋ ಲಾರಿಗೆ ಇದು ಉಲ್ಟಾ, ಮೊದಲ ಖಾಲಿ ಆಮ್ಯಾಲ ಲೋಡ್, ಮತ್ತ ನಮ್ಮ ಸಾಫ್ಟ್‌ವೇರು ಯಾವ ತೂಕ ಮೊದಲಂತ ಟೈಮ್ ನೋಡಿ ತೀರ್ಮಾನ ಮಾಡ್ತಿತ್ತು. ಹಂಗಾಗಿ ಖಾಲಿ ತೂಕ ಮೊದಲ ಬಂತು ಅಂತ ತಿಳ್ಕೊಂಡು, ಬಂದ ಭತ್ತನ ಹೋದ ಮಾಲು ಅಂತ ಬರ್ಕೊಂಡಿತ್ತು. ಸ್ಟಾಕಿಗೆ ಕೂಡಬೇಕಾದದ್ದು ಕಳೀತು, ಅಂದ್ರ ಡಬಲ್ ತಪ್ಪು. ಅದೇ ದಿನ ಇನ್ನೊಂದು ಲೋಡಿನ ತೇವಾಂಶ 19 ಅಂತ ಬರೆದದ್ದನ್ನ ಗುಮಾಸ್ತರು 17 ಅಂತ ತಿದ್ದಿದ್ರು, ಸೇವ್ ಆತು ಅಂತ ಸ್ಕ್ರೀನ್ ಹೇಳಿತ್ತು, ಹತ್ತು ನಿಮಿಷ ಬಿಟ್ಟು ನೋಡಿದ್ರ ಮತ್ತ 19. ರೈತನ ರೊಕ್ಕ ಅದರ ಮ್ಯಾಲ ನಿಂತಿರ್ತೈತಿ. ಈ ಎರಡಕ್ಕೂ ಕಾರಣ ಒಂದ, ಮೂರು ವರ್ಚುವಲ್ ಮಷೀನಿನ್ಯಾಗ (ದೊಡ್ಡ ಕಂಪ್ಯೂಟರಿನೊಳಗ ಸಾಫ್ಟ್‌ವೇರಿನಿಂದ ಮಾಡಿದ ಕಂಪ್ಯೂಟರು) ಒಂದರ ಗಡಿಯಾರ 70 ನಿಮಿಷ ಹಿಂದಿತ್ತು.

ಎರಡನೇ ತಪ್ಪು ಹೆಂಗಾತು ಅಂತ ಮೊದಲ ಹೇಳ್ತೀನಿ, ಯಾಕಂದ್ರ ಕ್ಲಸ್ಟರ್ ಅಂದ್ರೇನು ಅನ್ನೋದು ಅದರಾಗ ಐತಿ. ಒಂದ ಡೇಟಾ ಮೂರು ಮಷೀನಿನ್ಯಾಗ ಇರ್ತೈತಿ, ಒಂದು ಬಿದ್ರೂ ಕೆಲಸ ನಿಲ್ಲಬಾರ್ದಂತ. ಒಂದ ಸಾಲಿಗೆ ಎರಡು ಮಷೀನಿನಿಂದ ಬ್ಯಾರೆ ಬ್ಯಾರೆ ಬೆಲೆ ಬಂದ್ರ ಯಾವುದನ್ನ ಇಟ್ಕೋಬೇಕು? ಕಸಾಂಡ್ರಾದಂಥ ಡೇಟಾಬೇಸ್ ಇದಕ್ಕ ಸರಳ ನಿಯಮ ಇಟ್ಕೊಂಡಾವ, ಯಾವುದರ ಟೈಮ್‌ಸ್ಟ್ಯಾಂಪ್ (ಬರೆದ ಟೈಮಿನ ಗುರುತು) ಆಮ್ಯಾಲಿಂದೋ ಅದು ಉಳೀತೈತಿ. ನಮ್ಮಲ್ಲೂ ಹಂಗ ಇತ್ತು. ಗುಮಾಸ್ತರ ತಿದ್ದುಪಡಿ ಹಿಂದ ಬಿದ್ದ ಮಷೀನಿನಿಂದ ಹೋಗಿತ್ತು, ಅದರ ಮ್ಯಾಲಿನ ಟೈಮ್ ಹಳೇದು, ಹಂಗಾಗಿ ಹೊಸ ಮಾತನ್ನ ಹಳೇದಂತ ತಿಳಿದು ಕ್ಲಸ್ಟರ್ ತಳ್ಳಿಬಿಡ್ತು. ಯಾವ ಎರರ್ರೂ ಇಲ್ಲ, ಯಾವ ಕೆಂಪು ಬಣ್ಣನೂ ಇಲ್ಲ. ಇದ ಭಯದ ವಿಷಯ ನೋಡ್ರಿ, ಡಿಸ್ಕ್ ಕೆಟ್ರ ಕೂಗ್ತೈತಿ, ಗಡಿಯಾರ ತಪ್ಪಿದ್ರ ಕೂಗಂಗಿಲ್ಲ.

ಈಗ ಗಡಿಯಾರ ಯಾಕ ತಪ್ಪತಾವ ಅನ್ನೂಣು. ಕಂಪ್ಯೂಟರಿನ ಮದರ್‌ಬೋರ್ಡ್ ಮ್ಯಾಲ ಒಂದು ಸಣ್ಣ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ನಡುಗ್ತೈತಿ, ಕೈಗಡಿಯಾರದಾಗ ಇರೋದೂ ಇದ. ಈ ಸಂಖ್ಯೆ ಯಾಕಂದ್ರ 2ನ್ನ 15 ಸಲ ಗುಣಿಸಿದ್ರ ಅದು ಬರ್ತೈತಿ, ಅರ್ಧ ಅರ್ಧ ಮಾಡ್ಕೊಂತ ಬಂದ್ರ ಸರಿಯಾಗಿ ಒಂದು ಸೆಕೆಂಡಿಗೆ ಇಳೀತೈತಿ. ಆದ್ರ ಯಾವ ಹರಳೂ ಲೆಕ್ಕ ಹಿಡದಂಗ ನಡುಗಂಗಿಲ್ಲ. ಹತ್ತು ಲಕ್ಷಕ್ಕ 20ರಷ್ಟು ತಪ್ಪಿದ್ರ ದಿನಕ್ಕ 1.7 ಸೆಕೆಂಡ್ ಆತು, ತಿಂಗಳಿಗೆ ಐವತ್ತು ಸೆಕೆಂಡ್ ದಾಟ್ತು. ಮತ್ತ ಈ ಹರಳು 25 ಡಿಗ್ರಿ ಆಸುಪಾಸಿನ್ಯಾಗ ಇದ್ರ ಸರಿಯಾಗಿ ನಡೀತೈತಿ, ಅದಕ್ಕಿಂತ ಸೆಕಿ ಆದ್ರೂ ಥಂಡಿ ಆದ್ರೂ ಹಿಂದ ಬೀಳ್ತೈತಿ. ನಮ್ಮ ರಾಯಚೂರು, ಬಳ್ಳಾರಿ, ಕೊಪ್ಪಳದ ಏಪ್ರಿಲ್ ಮೇ ಬಿಸಿಲು ನೆನಸ್ಕೊಳ್ರಿ, ಎಸಿ ಕೆಟ್ಟ ಸರ್ವರ್ ಕೋಣಿ ನೆನಸ್ಕೊಳ್ರಿ. ಸರ್ವರ್ ಓಡೋವಾಗ ಟೈಮ್ ಲೆಕ್ಕ ಹಾಕೋದು ಸಿಪಿಯು ಒಳಗಿನ ಕೌಂಟರ್, ಅದಕ್ಕ ಬ್ಯಾರೆ ಹರಳು ಇರ್ತೈತಿ, ಅದಕ್ಕೂ ಅದರದೇ ಆದ ತಪ್ಪು ಇರ್ತೈತಿ.

ವರ್ಚುವಲ್ ಮಷೀನಿಗೆ ಆ ಹರಳೂ ಇಲ್ಲ. ಅದು ಒಂದು ದೊಡ್ಡ ಮಷೀನಿನ ಪಾಲು ಅಷ್ಟ. ಹೈಪರ್‌ವೈಸರ್ ಅನ್ನೋ ಸಾಫ್ಟ್‌ವೇರು ಒಂದ ಸಿಪಿಯುನ ನಾಲ್ಕು ಐದು ಮಷೀನಿಗೆ ಪಾಳಿ ಹಚ್ಚಿ ಕೊಡ್ತೈತಿ, ತುಂಗಭದ್ರಾ ಎಡದಂಡಿ ಕಾಲುವಿ ನೀರನ್ನ ಆನ್ ಆಂಡ್ ಆಫ್ ಮಾಡಿ ಬಿಡ್ತಾರಲ್ಲ ಹಂಗ. ತನ್ನ ಪಾಳಿ ಇಲ್ಲದಾಗ ಆ ಮಷೀನಿಗೆ ಜಗತ್ತು ಇಲ್ಲ. ಹಿಂದಿನ ದಿನದಾಗ ಲಿನಕ್ಸ್ (ಸರ್ವರ್ ಓಡಿಸೋ ಆಪರೇಟಿಂಗ್ ಸಿಸ್ಟಮ್) ಸೆಕೆಂಡಿಗೆ 100, 250 ಇಲ್ಲಾ 1000 ಟಿಕ್ ಎಣಿಸಿ ಟೈಮ್ ಇಟ್ಕೊಂತಿತ್ತು, ಪಾಳಿ ಇಲ್ಲದಾಗ ಬಂದ ಟಿಕ್ ಕಳದು ಹೋಗ್ತಿದ್ವು, ಲೋಡ್ ಹೆಚ್ಚಾದಷ್ಟೂ ಗಡಿಯಾರ ಹಿಂದ. ಈಗ ಕೆವಿಎಂ ಅನ್ನೋ ಹೈಪರ್‌ವೈಸರಿನ್ಯಾಗ ಕೆವಿಎಂ ಕ್ಲಾಕ್ ಅಂಥ ವ್ಯವಸ್ಥೆ ಬಂದೈತಿ, ಗೆಸ್ಟ್ ಮಷೀನು (ಒಳಗಿನ ವರ್ಚುವಲ್ ಮಷೀನು) ಟಿಕ್ ಎಣಿಸೂದು ಬಿಟ್ಟು ಹೋಸ್ಟ್ (ಅದನ್ನ ಹೊತ್ತ ದೊಡ್ಡ ಮಷೀನು) ಬರೆದಿಟ್ಟ ಟೈಮನ್ನ ಓದ್ಕೊಂತೈತಿ, ಮೈಕ್ರೋಸಾಫ್ಟಿನ ಹೈಪರ್-ವಿ ಒಳಗೂ ಇಂಥದ್ದ ಐತಿ. ಅದರಿಂದ ದಿನದಿನದ ಜಾರಾಟ ಬಹಳ ಕಡಿಮಿ ಆಗೈತಿ. ಆದ್ರ ಮಷೀನನ್ನ ಸಸ್ಪೆಂಡ್ ಮಾಡಿದಾಗ, ಸ್ನ್ಯಾಪ್‌ಶಾಟಿಗೆ (ಮೊದಲ ಉಳಿಸಿಟ್ಟ ಸ್ಥಿತಿಗೆ) ವಾಪಸ್ ಹೋದಾಗ, ಓಡ್ತಿರೋ ಮಷೀನನ್ನ ಒಂದು ಹೋಸ್ಟಿನಿಂದ ಇನ್ನೊಂದಕ್ಕ ಸಾಗಿಸಿದಾಗ ತೊಂದ್ರಿ ಇನ್ನೂ ಐತಿ.

ನಮ್ಮ ಮಿಲ್ಲಿನ್ಯಾಗ ಆದದ್ದು ಸಸ್ಪೆಂಡ್. ನಸುಕಿನ್ಯಾಗ ಕರೆಂಟ್ ಹೋಗೈತಿ, ಎರಡು ಹೋಸ್ಟಿಗೆ ಎರಡು ಯುಪಿಎಸ್, ಒಂದರ ಬ್ಯಾಟ್ರಿ ಸೋತಿತ್ತು, ಅದು ಹೋಸ್ಟಿಗೆ ಬಂದ್ ಆಗು ಅಂದೈತಿ, ಹೋಸ್ಟ್ ಬಂದ್ ಆಗೋ ಮುಂದ ಲಿಬ್‌ವರ್ಟ್ (ವರ್ಚುವಲ್ ಮಷೀನು ಸಂಭಾಳಿಸೋ ಸಾಫ್ಟ್‌ವೇರು) ತನ್ನ ರೂಢಿ ಪ್ರಕಾರ ವರ್ಚುವಲ್ ಮಷೀನಿನ ಮೆಮೊರಿನ ಡಿಸ್ಕಿಗೆ ಬರೆದು ಮಲಗಿಸೈತಿ, 70 ನಿಮಿಷ ಆದ ಮ್ಯಾಲ ಎಬ್ಬಿಸೈತಿ. ಎದ್ದ ಮಷೀನಿಗೆ ತಾನು ಮಲಗಿದ್ದ ಗೊತ್ತಿಲ್ಲ, ನಿಂತಲ್ಲಿಂದ ಎಣಿಸಾಕ ಹತ್ತೈತಿ. ಅದರಾಗ ಗಡಿಯಾರ ಸರಿಮಾಡೋ ಎನ್‌ಟಿಪಿ ಇರಲಿಲ್ಲೇನು ಅಂತ ಕೇಳ್ಬಹುದು. ಇತ್ತು, ಹಳೇ ಎನ್‌ಟಿಪಿಡಿ ಅನ್ನೋ ಪ್ರೋಗ್ರಾಮು. ಅದಕ್ಕೊಂದು ನಿಯಮ ಐತಿ, ವ್ಯತ್ಯಾಸ 1000 ಸೆಕೆಂಡಿಗಿಂತ ಹೆಚ್ಚು ಕಂಡ್ರ ಇದರಾಗ ಏನೋ ದೊಡ್ಡ ಗಡಬಡ ಐತಿ, ನಾನು ಮುಟ್ಟಂಗಿಲ್ಲ ಅಂತ ಲಾಗ್ ಫೈಲಿನ್ಯಾಗ ಒಂದು ಸಾಲು ಬರೆದು ತಾನ ನಿಂತುಬಿಡ್ತೈತಿ. 70 ನಿಮಿಷ ಅಂದ್ರ 4200 ಸೆಕೆಂಡ್. ಹಂಗಾಗಿ ಕಾಯೋನು ಎದ್ದು ಹೋದ, ಯಾರಿಗೂ ಗೊತ್ತಾಗಲಿಲ್ಲ, ಮಧ್ಯಾಹ್ನ ಲಾರಿ ಚೀಟಿ ಹೇಳೋತನಕ.

ಎನ್‌ಟಿಪಿ ಅಂದ್ರ ನೆಟ್‌ವರ್ಕ್ ಮ್ಯಾಲ ಟೈಮ್ ಕೇಳೋ ರೀತಿ. ಇದನ್ನ ಕಟ್ಟಿದವ್ರು ಅಮೆರಿಕದ ಡೇವಿಡ್ ಮಿಲ್ಸ್, ಮೊದಲ ಕರಡು 1985ರಾಗ ಬಂತು, ಮುಂದ ಡೆಲವೇರ್ ಯುನಿವರ್ಸಿಟಿಯಾಗ ಪಾಠ ಹೇಳ್ಕೊಂತ ಹತ್ತಾರು ವರ್ಷ ಇದನ್ನ ತಿದ್ದಿ ತೀಡಿದ್ರು, 2024ರ ಜನವರಿಯಾಗ ತೀರ್ಕೊಂಡ್ರು. ಹುಟ್ಟಿದಾಗಿಂದ ಕಣ್ಣಿನ ತೊಂದ್ರಿ ಇದ್ದ ಮನುಷ್ಯ ಇಷ್ಟು ಸೂಕ್ಷ್ಮ ಕೆಲಸ ಮಾಡ್ಯಾರ ಅನ್ನೋದು ನನಗ ಭಾಳ ದೊಡ್ಡದು ಅನಸ್ತೈತಿ.

ಅದರ ಲೆಕ್ಕ ಹಿಂಗ. ಕೊಪ್ಪಳದಾಗ ನಾನು, ಗಂಗಾವತಿಯಾಗ ನೀವು, ನಮ್ಮಿಬ್ಬರ ಗಡಿಯಾರ ಎಷ್ಟು ಬ್ಯಾರೆ ಐತಿ ಅಂತ ತಿಳೀಬೇಕು, ಫೋನ್ ಇಲ್ಲ, ಒಬ್ಬ ಹುಡುಗನ ಕೈಯಾಗ ಚೀಟಿ ಕೊಟ್ಟು ಸೈಕಲ್ ಮೋಟ್ರ್ ಮ್ಯಾಲ ಕಳಿಸ್ತೀನಿ. ನನ್ನ ಗಡಿಯಾರದಾಗ 10:00ಕ್ಕ ಹೊಂಟ. ನಿಮ್ಮಲ್ಲಿ ಮುಟ್ಟಿದಾಗ ನಿಮ್ಮ ಗಡಿಯಾರ 10:40. ಚಾ ಕುಡದು ಹೊಂಟಾಗ ನಿಮ್ಮದು 10:45. ನನ್ನ ಹತ್ರ ವಾಪಸ್ ಬಂದಾಗ ನನ್ನದು 11:05. ಒಟ್ಟು 65 ನಿಮಿಷ ಹೋತು, ಅದರಾಗ 5 ನಿಮಿಷ ನಿಮ್ಮಲ್ಲಿ ಕುಂತ, ಉಳಿದ 60 ದಾರಿ, ಹೋಗಾಕ 30 ಬರಾಕ 30. ಹಂಗಾದ್ರ ಅವನು ನಿಮ್ಮಲ್ಲಿ ಮುಟ್ಟಿದ್ದು ನನ್ನ ಪ್ರಕಾರ 10:30, ನಿಮ್ಮದು 10:40 ತೋರಿಸ್ತು, ಅಂದ್ರ ನೀವು 10 ನಿಮಿಷ ಮುಂದದೀರಿ. ಎನ್‌ಟಿಪಿ ಲೆಕ್ಕದಾಗೂ ಇವೇ ನಾಲ್ಕು ಟೈಮ್ ಇರ್ತಾವ, ನಿಮಿಷದ ಬದ್ಲಿ ಮಿಲಿಸೆಕೆಂಡ್ ಅಷ್ಟ.

ಇದರಾಗ ಒಂದು ನಂಬಿಕೆ ಅಡಗೇತಿ, ಹೋಗೋ ದಾರಿ ಬರೋ ದಾರಿ ಒಂದ ಟೈಮ್ ಹಿಡೀತಾವ ಅಂತ. ಹೋಗೋವಾಗ ರೈಲ್ವೆ ಗೇಟ್ ಹಾಕಿ 20 ನಿಮಿಷ ನಿಂತ್ರ ಲೆಕ್ಕ 10 ನಿಮಿಷ ತಪ್ಪತೈತಿ, ವ್ಯತ್ಯಾಸದ ಅರ್ಧ. ವರ್ಚುವಲ್ ಮಷೀನಿಗೆ ಈ ಗೇಟ್ ಬಹಳ ಸಲ ಬೀಳ್ತೈತಿ, ಟೈಮ್ ಹೊತ್ತ ಪ್ಯಾಕೆಟ್ ಬಂದು ಬಾಗಿಲದಾಗ ನಿಂತಿರ್ತೈತಿ, ಮಷೀನಿಗೆ ಸಿಪಿಯು ಪಾಳಿ ಬಂದಿರಂಗಿಲ್ಲ, ಬಂದ ಮ್ಯಾಲ ನೋಡಿ ಈಗ ಬಂತು ಅಂತ ಬರ್ಕೊಂತೈತಿ. ಅದಕ್ಕ ಹೋಸ್ಟಿನ ಮ್ಯಾಲ ಅಗದೀ ಲೋಡ್ ಇದ್ದಾಗ ಗೆಸ್ಟಿನ ಎನ್‌ಟಿಪಿ ಅಲ್ಲಾಡ್ತೈತಿ. ಕೆವಿಎಂ ಮತ್ತ ಹೈಪರ್-ವಿ ಎರಡರಾಗೂ ಇದಕ್ಕ ಒಳ್ಳೇ ದಾರಿ ಐತಿ, ಹೋಸ್ಟಿನ ಗಡಿಯಾರನ ಗೆಸ್ಟಿಗೆ ಪಿಟಿಪಿ ಡಿವೈಸ್ (ಓದಾಕ ಸಿಗೋ ಒಂದು ಗಡಿಯಾರ) ರೂಪದಾಗ ತೋರಿಸ್ತಾವ, ಗೆಸ್ಟಿನ ಒಳಗಿನ ಕ್ರೋನಿ (ಎನ್‌ಟಿಪಿಡಿಯಂಥದ್ದ ಇನ್ನೊಂದು ಪ್ರೋಗ್ರಾಮು) ಅದನ್ನ ನೇರ ಓದ್ತೈತಿ, ನೆಟ್‌ವರ್ಕಿನ ದಾರೀನ ಇಲ್ಲ.

ಎಲ್ಲಾರೂ ಕೇಳೋ ಟೈಮ್ ಮ್ಯಾಲಿಂದ ಇಳಿದು ಬರ್ತೈತಿ. ತುದಿಗೆ ಸೀಸಿಯಂ ಪರಮಾಣು ಗಡಿಯಾರ, ಅದರ 9,192,631,770 ಕಂಪನಕ್ಕ ಒಂದು ಸೆಕೆಂಡ್ ಅಂತ 1967ರಿಂದ ಜಗತ್ತು ಒಪ್ಪೈತಿ. ನಮ್ಮ ದೇಶದ ಟೈಮ್ ಕಾಯೋದು ದಿಲ್ಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ. 2022ರ ಏಪ್ರಿಲ್ 28ಕ್ಕ ಸರ್ಟ್-ಇನ್ (ದೇಶದ ಸೈಬರ್ ಭದ್ರತಾ ಸಂಸ್ಥೆ) ಹೊರಡಿಸಿದ ಆದೇಶದಾಗ, ಕಂಪನಿ, ಸರ್ಕಾರಿ ಕಚೇರಿ, ಡೇಟಾ ಸೆಂಟರ್ ಎಲ್ಲಾರೂ ತಮ್ಮ ಸಿಸ್ಟಮ್ ಗಡಿಯಾರನ ಎನ್‌ಐಸಿ (ಸರ್ಕಾರದ ಕಂಪ್ಯೂಟರ್ ಸಂಸ್ಥೆ) ಇಲ್ಲಾ ಈ ಲ್ಯಾಬೊರೇಟರಿಯ ಎನ್‌ಟಿಪಿ ಸರ್ವರಿಗೆ, ಇಲ್ಲಾಂದ್ರ ಅವುಗಳಿಂದ ಟೈಮ್ ತಗೊಂಡ ಸರ್ವರಿಗೆ ಕೂಡಿಸ್ಬೇಕು ಅಂತ ಹೇಳೈತಿ.

ಇಲ್ಲೊಂದು ಮಾತು ಬಿಡಿಸಿ ಹೇಳ್ಬೇಕು. ಟೈಮ್ ಸರಿ ಇರೋದು ಬ್ಯಾರೆ, ಎಲ್ಲಾರದೂ ಒಂದ ಇರೋದು ಬ್ಯಾರೆ. ಭಾರತದ ಟೈಮ್ ಹಿಡಿದಿದ್ದು 82.5 ಡಿಗ್ರಿ ಪೂರ್ವ ರೇಖಾಂಶಕ್ಕ, ನಮ್ಮ ಜಿಲ್ಲೆಗಳು ಅದಕ್ಕಿಂತ ಪಶ್ಚಿಮಕ್ಕ ಅದಾವ, ಹಂಗಾಗಿ ವರ್ಷದ ಸರಾಸರಿ ಹಿಡಿದ್ರ ಕೊಪ್ಪಳದ ನೆತ್ತಿ ಮ್ಯಾಲ ಸೂರ್ಯ ಬರೂದು 12 ಹೊಡೆದು ಸುಮಾರು 25 ನಿಮಿಷಕ್ಕ, ರಾಯಚೂರಿಗೆ ಸುಮಾರು 21 ನಿಮಿಷಕ್ಕ. ಸೂರ್ಯನ ಲೆಕ್ಕದಾಗ ಎರಡೂ ಊರಿನ ಗಡಿಯಾರ ತಪ್ಪ. ಆದ್ರೂ ಬಸ್ಸು ರೈಲು ನಡೀತಾವ, ಯಾಕಂದ್ರ ಇಬ್ಬರೂ ಒಂದ ತಪ್ಪಿಗೆ ಒಪ್ಕೊಂಡೀವಿ. ಕ್ಲಸ್ಟರಿಗೂ ಮೊದಲ ಬೇಕಾದ್ದು ಈ ಒಪ್ಪಂದ. ಸೆಫ್ ಅನ್ನೋ ಸ್ಟೋರೇಜ್ ಸಾಫ್ಟ್‌ವೇರಿನ ಮಾನಿಟರುಗಳು (ಕಾಯೋ ಪ್ರೋಗ್ರಾಮುಗಳು) ತಮ್ಮೊಳಗ 0.05 ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಕಂಡ್ರ ವಾರ್ನಿಂಗ್ ಕೊಡ್ತಾವ, ಕಾಕ್ರೋಚ್‌ಡಿಬಿ ಅನ್ನೋ ಡೇಟಾಬೇಸ್ ಡಿಫಾಲ್ಟಾಗಿ 500 ಮಿಲಿಸೆಕೆಂಡ್ ಮಿತಿ ಇಟ್ಕೊಂಡೈತಿ, ಅದರ ಹತ್ರ ಬಂದ ನೋಡ್ (ಕ್ಲಸ್ಟರಿನ ಒಂದು ಮಷೀನು) ತಾನ ಬಂದ್ ಆಗ್ತೈತಿ. ಈ ಪದ್ಧತಿ ನನಗ ಹಿಡಿಸ್ತೈತಿ, ತಪ್ಪು ಲೆಕ್ಕ ಬರೆಯೂಕಿಂತ ನಿಲ್ಲೂದು ಎಷ್ಟೋ ವಾಸಿ. ಹೊರಗಿನ ಜಗತ್ತಿನ ಜೋಡಿ ಮಾತಾಡುವಾಗ ಮಾತ್ರ ಸರಿಯಾದ ಟೈಮೂ ಬೇಕು, ಆಫೀಸ್ ನೆಟ್‌ವರ್ಕಿನ ಕೆರ್ಬೆರಾಸ್ ಲಾಗಿನ್ 5 ನಿಮಿಷದ ಮ್ಯಾಲ ತಪ್ಪಿದ್ರ ಒಳಗ ಬಿಡಂಗಿಲ್ಲ, ಮೊಬೈಲ್ ಆಪಿನ 30 ಸೆಕೆಂಡಿನ ಕೋಡ್ ಹೊಂದಂಗಿಲ್ಲ, ವೆಬ್‌ಸೈಟಿನ ಸರ್ಟಿಫಿಕೇಟ್ ಇನ್ನೂ ಶುರು ಆಗಿಲ್ಲ ಅಂತ ಬ್ರೌಸರ್ ತಕರಾರು ಮಾಡ್ತೈತಿ.

ಹಿಂದ ಬಿದ್ದ ಗಡಿಯಾರನ ಸರಿಮಾಡಾಕ ಎರಡು ದಾರಿ. ಒಂದು ಸ್ಟೆಪ್, ಮುಳ್ಳು ಹಿಡಿದು ಒಮ್ಮೆಲೆ ತಿರುವೋದು. ಇನ್ನೊಂದು ಸ್ಲ್ಯೂ, ಗಡಿಯಾರನ ಚೂರು ಜೋರಾಗಿ ಇಲ್ಲಾ ನಿಧಾನ ಓಡಿಸಿ ಸಾವಕಾಶ ಹೊಂದಿಸೂದು. ಎನ್‌ಟಿಪಿಡಿ 128 ಮಿಲಿಸೆಕೆಂಡಿನ ಒಳಗಿದ್ರ ಸ್ಲ್ಯೂ ಮಾಡ್ತೈತಿ, ಅದೂ ಹತ್ತು ಲಕ್ಷಕ್ಕ 500ರ ವೇಗದಾಗ, ಅಂದ್ರ ಒಂದು ಸೆಕೆಂಡ್ ಸರಿಮಾಡಾಕ 2000 ಸೆಕೆಂಡ್, ಅರ್ಧ ತಾಸಿನ ಮ್ಯಾಲ. ನಮ್ಮ 4200 ಸೆಕೆಂಡನ್ನ ಅದೇ ವೇಗದಾಗ ಹೊಂದಿಸಿದ್ರ 97 ದಿನ ಬೇಕು. ಕ್ರೋನಿ ಇನ್ನೂ ಜೋರು, ಹನ್ನೆರಡರಾಗ ಒಂದು ಪಾಲಿನತನಕ ವೇಗ ಬದಲಿಸ್ತೈತಿ, ಅದಕ್ಕೂ 14 ತಾಸು. ಹಂಗಾಗಿ ದೊಡ್ಡ ವ್ಯತ್ಯಾಸಕ್ಕ ಸ್ಟೆಪ್ಪೇ ಗತಿ. ಆದ್ರ ಓಡ್ತಿರೋ ಡೇಟಾಬೇಸಿನ ಕೆಳಗ ಟೈಮನ್ನ ಹಿಂದಕ್ಕ ಸ್ಟೆಪ್ ಮಾಡಬ್ಯಾಡ್ರಿ, ಒಂದ ನಿಮಿಷ ಎರಡು ಸಲ ಬರ್ತೈತಿ, ಆ ನಿಮಿಷದ ಎಂಟ್ರಿಗಳೆಲ್ಲಾ ಒಂದರ ಮ್ಯಾಲ ಒಂದು ಬೀಳ್ತಾವ. ಮುಂದಕ್ಕ ಜಿಗಿಯೋದರಾಗೂ ಟೈಮ್‌ಔಟ್ ಎಲ್ಲಾ ಒಮ್ಮೆಲೆ ಮುಗಿಯೋ ಅಪಾಯ ಐತಿ.

ಹಂಗಾದ್ರ ಯಾವಾಗ ಸ್ಟೆಪ್ ಮಾಡಬೇಕು? ಮಷೀನು ಕ್ಲಸ್ಟರಿಗೆ ಸೇರೂಕಿಂತ ಮೊದಲ. ಇದನ್ನ ನಾನು ಶಕ್ತಿನಗರದ ಥರ್ಮಲ್ ಕಡೆ ಕೆಲಸ ಮಾಡೋ ನಮ್ಮ ಮಾವನ ಬಾಯಿಂದ ಕರೆಂಟಿನ ಭಾಷೆಯಾಗ ಕೇಳಿದ್ದೆ. ಜನರೇಟರನ್ನ ಗ್ರಿಡ್ಡಿಗೆ ಹಚ್ಚೋ ಮುಂದ ವೋಲ್ಟೇಜು, ಫ್ರೀಕ್ವೆನ್ಸಿ, ಫೇಸು ಮೂರೂ ಹೊಂದಬೇಕು, ಹೊಂದೋತನಕ ಬ್ರೇಕರ್ ಹಾಕಂಗಿಲ್ಲ, ತಪ್ಪಿ ಹಾಕಿದ್ರ ಮಷೀನಿನ ಶಾಫ್ಟಿಗೇ ಪೆಟ್ಟು. 2013ರ ಡಿಸೆಂಬರ್ 31ಕ್ಕ ರಾಯಚೂರು-ಸೋಲಾಪುರ 765 ಕೆವಿ ಲೈನ್ ಹಚ್ಚಿ ಇಡೀ ದಕ್ಷಿಣ ಭಾರತದ ಗ್ರಿಡ್ಡನ್ನ ಉಳಿದ ದೇಶಕ್ಕ ಕೂಡಿಸಿದಾಗಲೂ ನಿಯಮ ಇದ, ಮೊದಲ ಹೊಂದಿಸು, ಆಮ್ಯಾಲ ಕೂಡಿಸು. ಎರಡೂ ಕಡೆ ಸುಮಾರು 50 ಹರ್ಟ್ಜ್ ಇದ್ರೂ ಫೇಸ್ ನೋಡದ ಹಚ್ಚಂಗಿಲ್ಲ.

ಅದನ್ನ ನಾವು ವರ್ಚುವಲ್ ಮಷೀನಿಗೆ ಹಾಕಿದ್ವಿ. ಎನ್‌ಟಿಪಿಡಿ ತಗದು ಕ್ರೋನಿ ಹಾಕಿದ್ವಿ. ಮಷೀನು ಬೂಟ್ ಆದ್ರೂ ಅಷ್ಟ, ನಿದ್ದಿಯಿಂದ ಎದ್ರೂ ಅಷ್ಟ, ಡೇಟಾಬೇಸ್ ಸರ್ವಿಸ್ ಬಂದ್ ಇರ್ತೈತಿ, ಕ್ರೋನಿ ಟೈಮ್ ನೋಡಿ ಬೇಕಾದ್ರ ಸ್ಟೆಪ್ ಮಾಡ್ತೈತಿ, ವ್ಯತ್ಯಾಸ ಮಿತಿ ಒಳಗ ಬಂತು ಅಂತ ಕ್ರೋನಿಯ ವೇಟ್‌ಸಿಂಕ್ ಕಮಾಂಡ್ ಹೇಳಿದ ಮ್ಯಾಲ ಸರ್ವಿಸ್ ಶುರು. ಲಿಬ್‌ವರ್ಟಿನ್ಯಾಗ ಎಬ್ಬಿಸುವಾಗ ಗೆಸ್ಟಿನ ಟೈಮ್ ಹೊಂದಿಸೋ ಸೆಟ್ಟಿಂಗೂ ಐತಿ, ಗೆಸ್ಟ್ ಏಜೆಂಟ್ (ಗೆಸ್ಟಿನ ಒಳಗ ಓಡೋ ಸಹಾಯಕ ಪ್ರೋಗ್ರಾಮು) ಇದ್ರ ಅದು ಕೆಲಸ ಮಾಡ್ತೈತಿ. ಹಂಗ ನೋಡಿದ್ರ ಕ್ಲಸ್ಟರಿನ ಮಷೀನನ್ನ ಸಸ್ಪೆಂಡ್ ಮಾಡೋದ ಬ್ಯಾಡ, ಸರಿಯಾಗಿ ಶಟ್‌ಡೌನ್ ಮಾಡೋದು ಮೇಲು, ಈಗ ಹಂಗ ಬದಲಿಸೀವಿ.

ಇನ್ನೊಂದು ಬಹಳ ಕಡೆ ಕಂಡ ತಪ್ಪು, ಒಂದ ಗಡಿಯಾರಕ್ಕ ಇಬ್ಬರು ಯಜಮಾನರು. ವಿಎಂವೇರ್ ಟೂಲ್ಸ್ (ವಿಎಂವೇರ್ ಹೈಪರ್‌ವೈಸರಿನ ಸಲುವಾಗಿ ಗೆಸ್ಟಿನೊಳಗ ಹಾಕೋ ಪ್ರೋಗ್ರಾಮು) ಹೋಸ್ಟಿನ ಟೈಮನ್ನ ಗೆಸ್ಟಿಗೆ ಹೊಂದಿಸಾಕ ನೋಡ್ತೈತಿ, ಒಳಗ ಎನ್‌ಟಿಪಿನೂ ಹೊಂದಿಸಾಕ ನೋಡ್ತೈತಿ, ಹೋಸ್ಟ್ ತಪ್ಪಿದ್ರ ಇಬ್ಬರೂ ಜಗ್ಗಾಡಿ ಗಡಿಯಾರ ಹಿಂದ ಮುಂದ ತೂಗಾಡ್ತೈತಿ. ಯಾರಾದ್ರೂ ಒಬ್ಬರಿಗೆ ಕೊಡ್ರಿ. ಅಲ್ಲಿ ಪೀರಿಯಾಡಿಕ್ ಸಿಂಕ್ (ಆಗಾಗ ಟೈಮ್ ಹೊಂದಿಸೂದು) ಬಂದ್ ಮಾಡಿದ್ರೂ ಸ್ನ್ಯಾಪ್‌ಶಾಟ್, ರೆಸ್ಯೂಮ್, ವಿಮೋಷನ್ (ಓಡ್ತಿರೋ ಮಷೀನನ್ನ ಇನ್ನೊಂದು ಹೋಸ್ಟಿಗೆ ಸಾಗಿಸೋದು) ಟೈಮಿಗೆ ಒಂದು ಸಲ ಟೈಮ್ ಹೊಂದಿಸ್ತೈತಿ ಅನ್ನೋದು ನೆನಪಿರ್ಲಿ, ಅದಕ್ಕ ಹೋಸ್ಟುಗಳ ಗಡಿಯಾರ ಮೊದಲ ಸರಿ ಇರ್ಬೇಕು, ಗೆಸ್ಟ್ ಎಷ್ಟ ಸುದ್ದ ಇದ್ರೂ ಹೋಸ್ಟ್ ಕೆಟ್ರ ಕೆಡ್ತೈತಿ. ಮತ್ತ ವ್ಯತ್ಯಾಸ ಸರಿಯಾಗಿ 5 ತಾಸು 30 ನಿಮಿಷ ಕಂಡ್ರ ಅದು ಜಾರಾಟ ಅಲ್ಲ, ಹೋಸ್ಟ್ ಯುಟಿಸಿ (ಜಗತ್ತಿನ ಮೂಲ ಟೈಮ್) ಕೊಟ್ಟೈತಿ, ಗೆಸ್ಟ್ ಅದನ್ನ ಇಲ್ಲಿನ ಟೈಮ್ ಅಂತ ಓದೈತಿ, ವಿಂಡೋಸ್ ಗೆಸ್ಟಿನ್ಯಾಗ ಇದು ಪದೇ ಪದೇ ಆಗ್ತೈತಿ.

ಟೈಮ್ ಕೇಳಾಕ ಎಷ್ಟು ಸರ್ವರ್ ಬೇಕು? ಎರಡು ಇಟ್ರ ಅವು ಜಗಳಾಡಿದಾಗ ಯಾರು ಸುಳ್ಳು ಅಂತ ತಿಳಿಯಂಗಿಲ್ಲ. ಮೂರು ಇದ್ರ ಇಬ್ಬರ ಮಾತು ನಡೀತೈತಿ, ನಾಲ್ಕು ಇದ್ರ ಒಂದು ಬಂದ್ ಆದ್ರೂ ಮೂರು ಉಳೀತಾವ. ನಮ್ಮ ಕಡೆ ರೋಡ್ ಅಗಿದು ಫೈಬರ್ ಕಟ್ ಆದ್ರ ದಿನಗಟ್ಟಲೆ ಇಂಟರ್ನೆಟ್ ಇರಂಗಿಲ್ಲ, ಆಗ ಹೊರಗಿನ ನಾಲ್ಕೂ ಇಲ್ಲ, ಪ್ರತಿ ಹೋಸ್ಟ್ ತನ್ನ ಹರಳಿನ ಪ್ರಕಾರ ತನ್ನ ದಾರಿ ಹಿಡೀತೈತಿ. ಅದಕ್ಕ ಒಂದು ಫಿಸಿಕಲ್ ಮಷೀನಿನ ಕ್ರೋನಿಗೆ, ಹೊರಗಿನವ್ರು ಸಿಗದಾಗ ನೀನ ಟೈಮ್ ಕೊಡು ಅಂತ ಲೋಕಲ್ ಸ್ಟ್ರೇಟಮ್ 10 (ಮೂಲ ಗಡಿಯಾರದಿಂದ ಬಹಳ ದೂರ ಅಂತ ತಿಳಿಸೋ ನಂಬರ್) ಅನ್ನೋ ಸೆಟ್ಟಿಂಗ್ ಹಾಕೀವಿ. ಅದು ಹೇಳೋ ಟೈಮ್ ಒಂದೆರಡು ಸೆಕೆಂಡ್ ತಪ್ಪಬಹುದು, ಎಲ್ಲಾ ಮಷೀನೂ ಕೂಡಿ ತಪ್ಪತಾವ, ಲಾರಿ ಹಿಂದ ಮುಂದ ಆಗಂಗಿಲ್ಲ. ಈ ಕೆಲಸ ವರ್ಚುವಲ್ ಮಷೀನಿಗೆ ಕೊಡಬ್ಯಾಡ್ರಿ.

ಲೀಪ್ ಸೆಕೆಂಡ್ ಬಗ್ಗೆ ಒಂದ ಮಾತು. ಭೂಮಿ ತಿರುಗೋದಕ್ಕ ಹೊಂದಿಸಾಕ 1972ರಿಂದ 27 ಸಲ ಒಂದೊಂದು ಸೆಕೆಂಡ್ ಸೇರಿಸ್ಯಾರ. 2012ರ ಜುಲೈ 1ಕ್ಕ ನಮ್ಮ ಟೈಮ್ ನಸುಕಿನ 5:29:59 ಆದ ಮ್ಯಾಲ 5:29:60 ಬಂದಾಗ ಲಿನಕ್ಸ್ ಕರ್ನಲ್ಲಿನ ಒಂದು ಬಗ್ಗಿನಿಂದ ಜಗತ್ತಿನ ಎಷ್ಟೋ ಸರ್ವರಿನ ಸಿಪಿಯು ಪೂರಾ ತುಂಬಿ ನಿಂತುಬಿಟ್ಟಿದ್ವು. ಕಡೇದು 2016ರ ಡಿಸೆಂಬರಿನ್ಯಾಗ ಬಂತು, 2035ರ ಒಳಗ ಈ ಪದ್ಧತಿ ಬಿಡೂಣು ಅಂತ 2022ರಾಗ ದೇಶಗಳು ಒಪ್ಕೊಂಡಾವ.

ಇಷ್ಟೆಲ್ಲಾ ಮಾಡಿದ ಮ್ಯಾಲೂ ಗಡಿಯಾರ ಪೂರಾ ಒಂದ ಆಗಂಗಿಲ್ಲ, ಮಿಲಿಸೆಕೆಂಡಿನ ಬಿರುಕು ಇದ್ದ ಇರ್ತೈತಿ. ಅದಕ್ಕ ಪ್ರೋಗ್ರಾಮ್ ಬರೆಯೋವ್ರು ಎರಡು ಕೆಲಸ ಬ್ಯಾರೆ ಇಡಬೇಕು. ಎಷ್ಟೊತ್ತು ಹಿಡೀತು ಅಂತ ಅಳೆಯಾಕ ಮಾನೊಟಾನಿಕ್ ಕ್ಲಾಕ್ ಬಳಸ್ರಿ, ಅದು ಹಿಂದಕ್ಕ ಹೋಗಂಗಿಲ್ಲ. ಯಾವುದು ಮೊದಲ ಯಾವುದು ಆಮ್ಯಾಲ ಅನ್ನಾಕ ಗೋಡೆ ಗಡಿಯಾರನ ನೆಚ್ಚಬ್ಯಾಡ್ರಿ, ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಾಗ ತೋರಿಸಿಕೊಟ್ಟಂಗ, ಒಂದರಿಂದ ಇನ್ನೊಂದಕ್ಕ ಸಂದೇಶ ಹೋದಾಗ ನಂಬರ್ ಏರಿಸ್ಕೊಂತ ಹೋದ್ರ ಗಡಿಯಾರ ಇಲ್ಲದ ಕ್ರಮ ಸಿಗ್ತೈತಿ. ನಮ್ಮ ಮಿಲ್ಲಿನ ಖರೇ ಇಲಾಜೂ ಅದ ಆತು. ಗೇಟಿನ್ಯಾಗ ಲಾರಿಗೆ ಒಂದು ಟೋಕನ್ ನಂಬರ್, ಮೊದಲ ತೂಕಕ್ಕ 1, ಎರಡನೇದಕ್ಕ 2, ತೇವಾಂಶ ತಿದ್ದಿದ್ರ ಅದಕ್ಕೊಂದು ತಿದ್ದುಪಡಿ ನಂಬರ್. ಟೈಮ್ ಚೀಟಿ ಮ್ಯಾಲ ಅಚ್ಚಾಗ್ತೈತಿ, ತೀರ್ಮಾನ ಮಾಡೋದು ನಂಬರ್.

ಆಮ್ಯಾಲ ಒಂದು ರಜಾ ದಿನ ಮಿಲ್ ಬಂದ್ ಇದ್ದಾಗ ನಾನು ಮತ್ತ ಗುಮಾಸ್ತರು ನಿಂತು, ಒಂದು ವರ್ಚುವಲ್ ಮಷೀನನ್ನ ಬೇಕಂತಲೇ ಸಸ್ಪೆಂಡ್ ಮಾಡಿ ಒಂದು ತಾಸು ಬಿಟ್ಟು ಎಬ್ಬಿಸಿದ್ವಿ. ಕ್ರೋನಿಯ ಲಾಗಿನ್ಯಾಗ ಗಡಿಯಾರ 3600 ಸೆಕೆಂಡಿನ ಆಸುಪಾಸು ಮುಂದಕ್ಕ ಜಿಗಿದದ್ದು ಬಂತು, ಡೇಟಾಬೇಸ್ ಸರ್ವಿಸ್ ಅಲ್ಲೀತನಕ ಕಾದು ಕುಂತಿತ್ತು, ಆಮ್ಯಾಲ ಮೂರೂ ನೋಡ್ ಹಸಿರಾದ್ವು. ಗುಮಾಸ್ತರು ತಮ್ಮ ಕೈಗಡಿಯಾರ ನೋಡಿ ಮಿಲ್ಲಿನ ಟ್ರ್ಯಾಕ್ಟರನ್ನ ಕಾಟಾದ ಮ್ಯಾಲ ಎರಡು ಸಲ ಹತ್ತಿಸಿ ಎರಡು ಚೀಟಿ ತಗದ್ರು, ಒಂದು ಮಲಗಿದ್ದ ಮಷೀನಿನಿಂದ, ಇನ್ನೊಂದು ಎಚ್ಚರಿದ್ದದ್ದರಿಂದ. ಒಂದರ ಮ್ಯಾಲ 4:10, ಇನ್ನೊಂದರ ಮ್ಯಾಲ 4:13.